ಮೂರು ಗಂಟೆ ಹಳೆಯ ನೇರ ಪ್ರಸಾರ

ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ಜಯನಗರದ ನಮ್ಮ ಪ್ರಸಾರ ಕೊಠಡಿಯ ಬೀಗ ತೆಗೆದವನು ನಾನೇ. ಪ್ರಸಾರ ಶುರುವಾಗುವುದು ಹತ್ತಕ್ಕೆ. ಅಷ್ಟು ಬೇಗ ಬಂದು ಮಾಡುವ ಕೆಲಸವೇನೂ ಇರಲಿಲ್ಲ. ಆದರೆ ಮನೆಯಲ್ಲಿ ಕೂತು ಚಿಂತೆ ಮಾಡಿದರೆ ಹೆಂಡತಿ ಬೈಯುತ್ತಾಳೆ. ಯಂತ್ರಗಳ ಎದುರಿಗೆ ಕೂತು ಮಾಡಿದರೆ ಅದಕ್ಕೆ ಡ್ಯೂಟಿ ಎಂಬ ಗೌರವ ಸಿಗುತ್ತದೆ. ಯುಪಿಎಸ್‌ನ ದೀಪ ನೋಡಿದೆ. ಎರಡು ಇಂಟರ್ನೆಟ್ ಲೈನುಗಳನ್ನೂ ಪರೀಕ್ಷಿಸಿದೆ. ಮತ್ತೊಮ್ಮೆ ಯುಪಿಎಸ್‌ನ ದೀಪ ನೋಡಿದೆ.

ನಮ್ಮದು ಕಾಲೇಜು ಆಟಗಳನ್ನು ಊರೂರಿನ ಕೇಬಲ್ ಚಾನೆಲ್‌ಗಳಿಗೆ ಹಂಚುವ ಕೆಲಸ. ದೊಡ್ಡ ಕ್ರೀಡಾ ವಾಹಿನಿಗಳು ತಿರುಗಿಯೂ ನೋಡದ ಅಂತರ ಕಾಲೇಜು ಕಬಡ್ಡಿ, ಖೋ ಖೋ, ವಾಲಿಬಾಲ್ ಪಂದ್ಯಗಳನ್ನು ಮೂರು ಕ್ಯಾಮೆರಾ ಇಟ್ಟು ಹಿಡಿಯುತ್ತೇವೆ. ಕ್ಯಾಮೆರಾಗಳಿಂದ ಬಂದದ್ದನ್ನು ಈ ಕೊಠಡಿಯಲ್ಲಿ ಬೆರೆಸಿ, ಅಂಕಪಟ್ಟಿ ಹಾಕಿ, ಒಂಬತ್ತು ಊರಿನ ಚಾನೆಲ್‌ಗಳಿಗೆ ಕಳಿಸುತ್ತೇವೆ. ಮಾಲೀಕರು ಸಾರಕ್ಕಿಯ ಹಳೇ ಮನೆತನದವರು. ತಾರಸಿಯಿಂದ ತಾರಸಿಗೆ ಕೇಬಲ್ ಎಳೆದ ಕಾಲದಲ್ಲಿ ಅವರಿಗೆ ರಾಜ್ಯದ ಕೇಬಲ್‌ನವರೆಲ್ಲ ಗೆಳೆಯರಾದರು. ಈ ವ್ಯಾಪಾರ ನಿಂತಿರುವುದು ಆ ಗೆಳೆತನದ ಮೇಲೆ, ಮತ್ತು ಸ್ವಲ್ಪ ಮಟ್ಟಿಗೆ ನನ್ನ ಭಯದ ಮೇಲೆ.

ಒಂಬತ್ತರಲ್ಲಿ ಎರಡು ಚಾನೆಲ್‌ಗಳು ಮಾತ್ರ ಪಂದ್ಯ ನಡೆಯುವಾಗಲೇ ತೋರಿಸುತ್ತವೆ. ಉಳಿದವರಿಗೆ ಅವರವರ ಹೊತ್ತು ಬೇಕು. ಒಬ್ಬರಿಗೆ ಸಂಜೆ ಸ್ಥಳೀಯ ವಾರ್ತೆಯ ನಂತರ, ಇನ್ನೊಬ್ಬರಿಗೆ ಭಾನುವಾರ ಊಟದ ಹೊತ್ತಿಗೆ. ಹಾವೇರಿ ಕಡೆಯ ಒಂದು ತಾಲೂಕು ಊರಿನವರು ಮಧ್ಯಾಹ್ನ ಒಂದು ಗಂಟೆ ಕೇಳಿದ್ದರು. ಅಂದರೆ ಸರಿಯಾಗಿ ಮೂರು ಗಂಟೆ ತಡ. ಮೊದಮೊದಲು ಅವರವರೇ ದಾಖಲಿಸಿಕೊಂಡು ಹಾಕುತ್ತಿದ್ದರು, ಅರ್ಧ ಪಂದ್ಯ ಹೋದ ಮೇಲೆ ಧ್ವನಿ ಇಲ್ಲವೆಂದು ನಮಗೆ ಬೈಯುತ್ತಿದ್ದರು. ಹಾಗಾಗಿ ದಾಖಲೆ ನಮ್ಮ ಸರ್ವರಿನಲ್ಲೇ ಇದ್ದು, ಪ್ರತಿ ಊರಿಗೆ ಅದರದರ ಹೊತ್ತಿಗೆ ತಾನಾಗಿ ಹೊರಡುವಂತೆ ನಾನು ವ್ಯವಸ್ಥೆ ಮಾಡಿದ್ದೆ.

ಇನ್ನೊಂದನ್ನೂ ನಾನೇ ಮಾಡಿದ್ದು. ಪರದೆಯ ಮೇಲ್ಮೂಲೆಯಲ್ಲಿ ‘ನೇರ ಪ್ರಸಾರ’ ಎಂಬ ಕೆಂಪು ಪಟ್ಟಿ ಮೊದಲು ಆ ಎರಡು ಚಾನೆಲ್‌ಗಳಿಗೆ ಮಾತ್ರ ಹೋಗುತ್ತಿತ್ತು. ಉಳಿದ ಏಳು ಊರಿನವರು ಮಾಲೀಕರ ತಲೆ ತಿಂದರು: ಅವರಿಗೆ ಮಾತ್ರ ಕೆಂಪು ಪಟ್ಟಿ, ನಮಗ್ಯಾಕಿಲ್ಲ, ಜಾಹೀರಾತಿನವರು ಕೇಳುತ್ತಾರೆ ಎಂದು. “ಹಾಕ್ಬಿಡು ಗುರು, ಯಾರಿಗ್ ಏನ್ ನಷ್ಟ?” ಎಂದರು ಮಾಲೀಕರು. ಎರಡು ಬಗೆಯ ಚಿತ್ರ ಕಳಿಸುವ ತಾಪತ್ರಯ ತಪ್ಪುತ್ತದೆಂದು ನಾನೂ ಖುಷಿಯಾದೆ. ಪಟ್ಟಿಯನ್ನು ಮೂಲ ಚಿತ್ರದಲ್ಲೇ ಬೆರೆಸಿಬಿಟ್ಟೆ. ಹಾಲಿಗೆ ಬೆರೆತ ನೀರಿನಂತೆ, ಆಮೇಲೆ ತೆಗೆಯಲು ಬರುವುದಿಲ್ಲ.

ಅಷ್ಟಕ್ಕೇ ನನ್ನ ಚಿಂತೆ ನಿಲ್ಲಲಿಲ್ಲ. ಆ ಭಾನುವಾರದ ಕಬಡ್ಡಿ ಪಂದ್ಯಗಳು ನಡೆಯಬೇಕಿದ್ದ ಬನಶಂಕರಿಯ ಕಾಲೇಜಿನ ಒಳಾಂಗಣದಲ್ಲಿ ಗೋಡೆಗೊಂದು ದೊಡ್ಡ ಗಡಿಯಾರ ಇತ್ತು. ಮಧ್ಯಾಹ್ನ ಒಂದಕ್ಕೆ ನೋಡುವ ಊರಿನಲ್ಲಿ ಗಡಿಯಾರ ಹತ್ತು ತೋರಿಸಿದರೆ? ಶನಿವಾರವೇ ಏಣಿ ತರಿಸಿ ಅದರ ಮೇಲೆ ಪ್ರಾಯೋಜಕರ ಬ್ಯಾನರ್ ಕಟ್ಟಿಸಿದೆ. ವೀಕ್ಷಕ ವಿವರಣೆಗಾರರಿಗೆ “ಶುಭೋದಯ ಅನ್ಬೇಡಿ, ನಮಸ್ಕಾರ ಅನ್ನಿ” ಎಂದು ತಾಕೀತು ಮಾಡಿದೆ. ಇಷ್ಟು ಜಾಗರೂಕತೆಯಿಂದ ಸುಳ್ಳು ಹೇಳಿದವರು ಕಡಿಮೆ.

ಒಂಬತ್ತಕ್ಕೆ ಗ್ರಾಫಿಕ್ಸ್ ಮೇಡಂ ಬೊಮ್ಮನಹಳ್ಳಿಯಿಂದ ಬಂದರು. ಅಂಕಪಟ್ಟಿ, ಆಟಗಾರರ ಹೆಸರು, ರಿಪ್ಲೇ ಎಲ್ಲವೂ ಅವರ ಕೈಯಲ್ಲಿ. ಕೊಠಡಿಯಲ್ಲಿ ನಾವಿಬ್ಬರೇ.

“ಏನ್ ಸಾರ್, ಇನ್ನೂ ಏನೂ ಆಗಿಲ್ಲ, ಆಗ್ಲೇ ಬೆವರ್ತಿದ್ದೀರ.”

“ಎರಡನೇ ಲೈನ್ ಸ್ವಲ್ಪ ಸ್ಲೋ ಇದೆ ಮೇಡಂ.”

“ಅದು ಹುಟ್ಟಿದಾಗ್ಲಿಂದ ಸ್ಲೋ. ನಿಮ್ ಪಂಚಾಂಗ ತಗೊಂಡ್ರಾ?”

ಪಂಚಾಂಗ ಎಂದರೆ ನನ್ನ ಲಾಗ್ ಪುಸ್ತಕ. ಪಂದ್ಯದಲ್ಲಿ ಆಗುವುದನ್ನೆಲ್ಲ ಗಂಟೆ, ನಿಮಿಷ, ಸೆಕೆಂಡು ಸಮೇತ ಬರೆದುಕೊಳ್ಳುವುದು ನನ್ನ ಚಾಳಿ. ನಾಳೆ ಯಾವನಾದರೂ ಚಾನೆಲ್‌ನವನು ದೂರು ಕೊಟ್ಟರೆ ಉತ್ತರ ಇರಬೇಕಲ್ಲ. ಯಾರು ರೈಡ್ ಹೋದರು ಎಂಬುದಷ್ಟೇ ಅಲ್ಲ, ಕ್ಯಾಮೆರಾ ಅಲುಗಿದ್ದು, ಮೈಕ್ ಕರಕರ ಎಂದದ್ದು, ಅಂಪೈರ್ ಮೂಗು ಒರೆಸಿಕೊಂಡದ್ದು ಕೂಡ ಅದರಲ್ಲಿ ಇರುತ್ತಿತ್ತು. ಮೇಡಂ ಅದನ್ನು ನೋಡಿದಾಗಲೆಲ್ಲ ನಗುತ್ತಿದ್ದರು.

ಹತ್ತಕ್ಕೆ ಮೊದಲ ಸೆಮಿಫೈನಲ್ ಶುರುವಾಯಿತು. ಏಳನೇ ನಂಬರಿನ ಅಂಗಿಯ ರೈಡರ್ ಒಬ್ಬನಿದ್ದ. ಹಾವೇರಿ ಕಡೆಯವನು, ಇಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದ. ಅವನೂರಿನ ಕೇಬಲ್‌ನವರು ‘ನಮ್ಮೂರ ಹುಡುಗನ ಆಟ ಮಧ್ಯಾಹ್ನ ಒಂದಕ್ಕೆ’ ಎಂದು ವಾರವಿಡೀ ಪರದೆಯ ಕೆಳಗೆ ಅಕ್ಷರ ಓಡಿಸಿದ್ದರು. ಹುಡುಗ ಚೆನ್ನಾಗಿಯೇ ಆಡುತ್ತಿದ್ದ. ತೆಳ್ಳಗೆ, ಉದ್ದಕ್ಕೆ, ಬೋನಸ್ ಗೆರೆಯ ಮೇಲೆ ಕಾಲಿಟ್ಟು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹಿಂದಕ್ಕೆ ಬರುತ್ತಿದ್ದ.

ಹತ್ತು ಗಂಟೆ ಇಪ್ಪತ್ತೇಳು ನಿಮಿಷಕ್ಕೆ ಅವನು ರೈಡ್ ಹೋದ. ಬಲಮೂಲೆಯಲ್ಲಿ ಇಬ್ಬರು ಕೈ ಹಿಡಿದು ನಿಂತಿದ್ದರು. ಅವರ ಕೈಗಳ ಮೇಲಿಂದ ಹಾರಲು ನೋಡಿದ. ಗಾಳಿಯಲ್ಲಿದ್ದಾಗ ಹಿಂದಿನಿಂದ ಒಬ್ಬ ಸೊಂಟ ಹಿಡಿದ. ತಲೆ ಕೆಳಗಾಗಿ ಬಿದ್ದ. ಮ್ಯಾಟಿನ ಬದಿಯ ಮೈಕಿಗೆ ಆ ಸದ್ದು ಸಿಕ್ಕಿತು.

ಅಂಪೈರ್ ಸೀಟಿ ಊದಿದರು. ಸೀಟಿ ಊದಿದರೆ ರಿಪ್ಲೇ. ಅದು ನಮ್ಮ ಕೈಗೆ ಅಂಟಿದ ಅಭ್ಯಾಸ. “ರಿಪ್ಲೇ” ಎಂದೆ. ಮೇಡಂ ಹಾಕಿದರು. “ಎರಡನೇ ಕ್ಯಾಮೆರಾದ್ದೂ” ಎಂದೆ. ಅದನ್ನೂ ಹಾಕಿದರು, ನಿಧಾನಗತಿಯಲ್ಲಿ. ಅದು ಮುಗಿಯುವಷ್ಟರಲ್ಲಿ ಮೊದಲ ಕ್ಯಾಮೆರಾದಲ್ಲಿ ಹುಡುಗ ಬಿದ್ದಲ್ಲೇ ಇದ್ದ. ಕೈಯೂ ಅಲುಗುತ್ತಿರಲಿಲ್ಲ.

“ಸಾರ್, ಸಾಕು,” ಎಂದರು ಮೇಡಂ. ಅವರ ಬೆರಳು ಗುಂಡಿಯ ಮೇಲಿಂದ ಎದ್ದಿತ್ತು.

ದೂರದ ಚಿತ್ರಕ್ಕೆ ಹೋದೆವು. ಆಮೇಲೆ ಜಾಹೀರಾತಿಗೆ.

ಆಂಬುಲೆನ್ಸ್ ಬಂತು, ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗೆ ಹೋಯಿತು, ಜೊತೆಯಲ್ಲಿ ತಂಡದ ಕೋಚ್ ಹೋದರು. ಮೊದಲ ಪಂದ್ಯವನ್ನು ಅಲ್ಲಿಗೇ ಕೈಬಿಟ್ಟು, ಅರ್ಧ ಗಂಟೆಯ ನಂತರ ಎರಡನೇ ಸೆಮಿಫೈನಲ್ ಶುರು ಮಾಡಿದರು. ಮಾಲೀಕರು ಫೋನಿನಲ್ಲಿ ಹೇಳಿದರು: “ತಡ ಹೋಗೋ ಊರುಗಳಿಗೆ ಆ ಬಿದ್ದಿದ್ದೆಲ್ಲಾ ಬೇಡ ಗುರು. ನೀಟಾಗಿ ತೆಗೆದ್ಬಿಡು. ಕಬಡ್ಡಿ ತಾನೆ, ಎದ್ದು ಓಡಾಡ್ತಾನೆ ಸಂಜೆ ಹೊತ್ತಿಗೆ.”

ನೀಟಾಗಿ ತೆಗೆದೆ. ಹುಡುಗನ ಹಿಂದಿನ ರೈಡ್ ಮುಗಿದು ಎದುರಾಳಿಯ ಒಂದು ಖಾಲಿ ರೈಡ್ ಆದ ಮೇಲೆ ಕತ್ತರಿಸಿ, ನಾಲ್ಕು ನಿಮಿಷದ ಜಾಹೀರಾತು ಕೂರಿಸಿ, ಅಲ್ಲಿಂದ ನೇರವಾಗಿ ಎರಡನೇ ಪಂದ್ಯಕ್ಕೆ ಜೋಡಿಸಿದೆ. ಏಳೂ ಊರಿಗೆ ಹೊಸ ಫೈಲು ಹಾಕುವಾಗ ಹನ್ನೆರಡೂ ಕಾಲು. ಹೊಲಿಗೆ ಗೊತ್ತಾಗುವುದಿಲ್ಲವಲ್ಲ ಎಂದು ಮೂರು ಸಲ ನೋಡಿದೆ. ಹುಡುಗ ಹೇಗಿದ್ದಾನೆ ಎಂದು ಕೋಚ್‌ಗೆ ಫೋನ್ ಮಾಡಬೇಕೆಂದು ಎರಡು ಸಲ ಅಂದುಕೊಂಡೆ. ಮಾಡಲಿಲ್ಲ. ನನಗೆ ಕೆಟ್ಟ ಸುದ್ದಿ ಬರುವುದೆಂದರೆ ಭಯ. ಕೇಳದಿದ್ದರೆ ಅದು ಬರುವುದಿಲ್ಲ ಎಂಬ ಒಳ ನಂಬಿಕೆ.

ಒಂದು ಗಂಟೆ ಎಂಟು ನಿಮಿಷಕ್ಕೆ ಕೋಚ್ ತಾವೇ ಫೋನ್ ಮಾಡಿದರು.

“ಸಾರ್, ಹಾವೇರಿ ಕಡೆ ಪಂದ್ಯ ಹೋಗ್ತಿದ್ಯಾ ಈಗ?”

“ಹೋಗ್ತಿದೆ. ಒಂದಕ್ಕೆ ಶುರುವಾಯ್ತು. ಹುಡುಗ ಹೇಗಿದ್ದಾನೆ?”

“ಕತ್ತಿನ ಮೂಳೆ ಹೋಗಿದೆ ಸಾರ್. ವೆಂಟಿಲೇಟರ್ ಹಾಕಿದ್ದಾರೆ. ಆಪರೇಷನ್ ಈಗ್ಲೇ ಮಾಡ್ಬೇಕಂತೆ, ಜೀವಕ್ಕೂ ರಿಸ್ಕ್ ಇದೆಯಂತೆ, ಮನೆಯವರ ಒಪ್ಪಿಗೆ ಬೇಕು. ಫೋನಲ್ಲಿ ಹೇಳಿದ್ರೂ ನಡೆಯುತ್ತೆ, ಆದ್ರೆ ಮನೆಯವರೇ ಹೇಳ್ಬೇಕು.” ಒಂದು ಉಸಿರು ಎಳೆದುಕೊಂಡರು. “ಬೆಳಗ್ಗೆಯಿಂದ ಅವರಪ್ಪನಿಗೆ ಮಾಡ್ತಿದ್ದೀನಿ, ಹೊಸ ನಂಬರ್ ಅಂತ ಎತ್ತಲೇ ಇಲ್ಲ. ಈಗ ಎತ್ತಿದ್ರು. ನಾನು ಸುಳ್ಳ, ಕಳ್ಳ ಅಂತಾರೆ. ಮಗ ಟೀವಿಯಲ್ಲಿ ಆಡ್ತಿದ್ದಾನೆ, ನೇರ ಪ್ರಸಾರ ಅಂತ ಬರ್ದಿದೆ, ಯಾರಿಗೆ ಟೋಪಿ ಹಾಕ್ತೀಯ ಅಂತಾರೆ ಸಾರ್!”

ಅವರ ಬೀದಿಯಲ್ಲೇ ಯಾರಿಗೋ ಕಳೆದ ತಿಂಗಳು ‘ನಿಮ್ಮ ಮಗ ಆಸ್ಪತ್ರೆಯಲ್ಲಿದ್ದಾನೆ’ ಎಂದು ಫೋನ್ ಮಾಡಿ ದುಡ್ಡು ಹಾಕಿಸಿಕೊಂಡಿದ್ದರಂತೆ. ಕೋಚ್ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದರು, ಅದನ್ನೂ ನಂಬಿರಲಿಲ್ಲ. ಹುಡುಗನ ಫೋನಿನಿಂದಲೇ ಮಾಡೋಣವೆಂದರೆ ಅದು ಲಾಕ್ ಆಗಿತ್ತು, ಬೆರಳು ಒತ್ತಿಸಲು ಐಸಿಯು ಒಳಗೆ ಬಿಡಲಿಲ್ಲ. ಆ ಊರಿನ ಪೊಲೀಸ್ ಠಾಣೆಗೆ ಹೇಳಿದ್ದರು; ಯಾರನ್ನಾದರೂ ಕಳಿಸುತ್ತೇವೆ ಎಂದಿದ್ದರು, ಕಳಿಸಿರಲಿಲ್ಲ.

“ಮೊದಲು ಆ ಟೀವಿ ನಿಲ್ಸಿ ಸಾರ್. ದಮ್ಮಯ್ಯ.”

ನಿಲ್ಲಿಸಲು ನನಗೆ ಒಂದು ಗುಂಡಿ ಸಾಕಿತ್ತು. ಕೈ ಅದರ ಹತ್ತಿರ ಹೋಯಿತು. ಅಲ್ಲೇ ನಿಂತಿತು. ನಿಲ್ಲಿಸಿದರೆ ಅವರ ಮನೆಯಲ್ಲಿ ಏನಾಗುತ್ತದೆ? ಪರದೆ ಕಪ್ಪಾಗುತ್ತದೆ. ಕೇಬಲ್ ಹೋಯಿತು ಎನ್ನುತ್ತಾರೆ. ಮಗ ಆಡುತ್ತಲೇ ಇದ್ದಾನೆ, ನಮಗೆ ಕಾಣುತ್ತಿಲ್ಲ ಅಷ್ಟೆ ಎಂದುಕೊಳ್ಳುತ್ತಾರೆ. ‘ಇದು ಬೆಳಗಿನ ಪಂದ್ಯ’ ಎಂದು ಪರದೆಯ ಕೆಳಗೆ ಅಕ್ಷರ ಹಾಕಬಹುದಿತ್ತು. ಆದರೆ ಮೇಲೆ ಕೆಂಪು ಪಟ್ಟಿ ಹಾಗೇ ಇರುತ್ತದೆ. ಮೇಲೊಂದು ಕೆಳಗೊಂದು ಬರೆದದ್ದನ್ನು ಯಾರು ನಂಬುತ್ತಾರೆ? ಆ ಊರಿನ ಕೇಬಲ್‌ನವರಿಗೆ ಮೂರು ಸಲ ಫೋನ್ ಮಾಡಿದೆ. ಪ್ರಸಾರ ಶುರುವಾದರೆ ಚಂದಾದಾರರ ದೂರು ಬರುತ್ತದೆಂದು ಫೋನನ್ನು ಮೂಕ ಮಾಡಿ ಒಳಗಿಡುವುದು ಅವರ ರೂಢಿ. ಎತ್ತಲಿಲ್ಲ.

ಮಾಲೀಕರನ್ನು ಕೇಳಿದೆ. “ನಿಲ್ಸೋದಾದ್ರೆ ನಿಲ್ಸು ಗುರು, ಆಮೇಲೆ ನೋಡ್ಕೊಳೋಣ,” ಎಂದರು. ಅವರ ದನಿ ಬೆಳಗಿನಂತಿರಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು, ತೀರ್ಮಾನ ಅವರದಾಗುತ್ತಿತ್ತು. ಅವರು ನನಗೇ ಬಿಟ್ಟರು.

ಒಂದು ಗಂಟೆ ಹದಿನೈದು. ನಾನು ಕತ್ತರಿಸಿದ ಜಾಗಕ್ಕೆ ಇನ್ನು ಹನ್ನೊಂದು ನಿಮಿಷ. ಅದಾದ ಮೇಲೆ ಜಾಹೀರಾತು, ಬೇರೆ ಪಂದ್ಯ. ಆ ತಂದೆಗೆ ಮಗ ಗೆದ್ದನೋ ಸೋತನೋ ಗೊತ್ತಾಗುವುದಿಲ್ಲ. ಆದರೆ ಬಿದ್ದಿಲ್ಲ ಎಂಬುದು ಖಚಿತವಾಗಿಬಿಡುತ್ತದೆ. ಬಿದ್ದಿಲ್ಲ ಎಂದು ತೋರಿಸಿದವನು ನಾನೇ.

ಮೇಡಂ ನನ್ನ ಕಡೆ ನೋಡುತ್ತಿದ್ದರು. “ಏನಾದ್ರೂ ಮಾಡಿ ಸಾರ್. ಸುಮ್ನೆ ಪುಸ್ತಕ ತಿರುವ್ತಾ ಕೂತ್ರೆ ಆಗುತ್ತಾ?”

ಭಯವಾದಾಗ ಲಾಗ್ ಪುಸ್ತಕದ ಹಾಳೆ ತಿರುವುವುದು ನನ್ನ ಕೈಗೆ ಅಭ್ಯಾಸ. ನೋಡಿದರೆ ಆ ಹಾಳೆಯಲ್ಲಿ, ಅವರ ಮನೆಯ ಟೀವಿಯಲ್ಲಿ ಮುಂದಿನ ಹನ್ನೊಂದು ನಿಮಿಷ ಏನೇನು ನಡೆಯುತ್ತದೆ ಎಂಬುದೆಲ್ಲ ಸೆಕೆಂಡು ಸಮೇತ ಬರೆದಿತ್ತು.

“ಮೇಡಂ, ನಿಲ್ಸಲ್ಲ,” ಎಂದೆ. “ಓಡ್ಲಿ ಅದು. ಕೋಚ್‌ಗೆ ಹೇಳಿ ಅವರಪ್ಪನ ನಂಬರ್ ಕಳಿಸೋಕೆ.”

ನಂಬರ್ ಬಂದು, ಅವರು ಎತ್ತುವಷ್ಟರಲ್ಲಿ ಒಂದು ಹದಿನೆಂಟು. ಹಿಂದೆ ತುಂಬಿದ ಮನೆಯ ಗದ್ದಲ. ಹೆಂಗಸೊಬ್ಬರ ದನಿ: “ನೋಡ್ರಿ ನೋಡ್ರಿ, ನಮ್ಮ ತಮ್ಮ ಬಂದ!” ಅದು ತಾಯಿಯ ದನಿ ಎಂದು ಆಮೇಲೆ ತಿಳಿಯಿತು. ಅದರ ಹಿಂದೆ ನಮ್ಮದೇ ವಿವರಣೆಗಾರರ ಕೂಗಾಟ, ನಮಗೇ ವಾಪಸು.

“ಯಾರ್ರೀ?”

“ಯಜಮಾನ್ರೇ, ನಾನು ಬೆಂಗಳೂರಿಂದ, ನೀವು ನೋಡ್ತಿರೋ ಆ ಪಂದ್ಯ ಕಳಿಸೋ ಕಡೆಯಿಂದ ಮಾತಾಡ್ತಿದ್ದೀನಿ…”

“ಮತ್ತೊಬ್ಬ ಬಂದ್ನಲ್ಲೋ! ಎಷ್ಟ ಮಂದಿ ಅದೀರಿ ನೀವು? ನಾಚ್ಕಿ ಆಗಂಗಿಲ್ಲೇನ್ರೀ? ಮಗ ಇಲ್ಲೆ ಕಣ್ಣ ಮುಂದ ಆಡಾಕತ್ತಾನ. ಮ್ಯಾಲೆ ಕೆಂಪಂದ್ರಾಗ ನೇರ ಪ್ರಸಾರ ಅಂತ ಬರದೈತಿ. ನನಗ ಓದಾಕ ಬರತೈತ್ರೀ.”

“ಅದು ಸುಳ್ಳು ಯಜಮಾನ್ರೇ. ಬರೆದವನು ನಾನೇ.”

“ಹೌದ್ರೀ? ಮತ್ತ ಆಡಾವ ಯಾರು, ಅವನ ದೆವ್ವೇನು?” ಸುತ್ತ ಇದ್ದವರು ನಕ್ಕರು.

“ಫೋನ್ ಇಡ್ಬೇಡಿ. ದುಡ್ಡು ಕೇಳಲ್ಲ. ಒಂದ್ ರೂಪಾಯಿ ಕೇಳಲ್ಲ. ಹತ್ತು ನಿಮಿಷ ಟೀವಿ ನೋಡ್ತಾ ನನ್ನ ಮಾತು ಕೇಳಿ. ಮುಂದೆ ಏನಾಗುತ್ತೆ ಅಂತ ನಾನು ಮೊದಲೇ ಹೇಳ್ತೀನಿ. ಈಗ ನಿಮ್ಮ ಮಗ ರೈಡ್ ಹೋಗಿ ಬೋನಸ್ ತಗೋತಾನೆ. ವಾಪಸ್ ಬಂದು ಬಲಮಂಡಿಯ ಪಟ್ಟಿ ಮೇಲಕ್ಕೆಳ್ಕೋತಾನೆ.”

“ಎಲ್ಲಿ? ಅವರ ಹುಡುಗ ರೈಡಿಗೆ ಬಂದಾನ ಇಲ್ಲೆ.”

ನನ್ನ ಎದುರಿನ ಪರದೆಯಲ್ಲಿ ಬೋನಸ್ ಆಗಲೇ ಆಗಿತ್ತು. ನಮ್ಮಿಂದ ಹೊರಟ ಚಿತ್ರ ಅವರ ಊರು ಮುಟ್ಟಿ ಮನೆಯ ಟೀವಿಗೆ ಬರಲು ನಲವತ್ತು ಸೆಕೆಂಡಾದರೂ ಬೇಕು ಎಂಬುದನ್ನು, ಅದನ್ನು ಇಡೀ ವರ್ಷ ಲೆಕ್ಕ ಹಾಕಿದ ನಾನೇ ಮರೆತಿದ್ದೆ.

“ಏ, ಇಡ್ತೇನಿ ನಾನು…”

“ನಲವತ್ತು ಸೆಕೆಂಡ್! ಒಂದ್ ನಲವತ್ತು ಸೆಕೆಂಡ್ ಇಡ್ಬೇಡಿ ಯಜಮಾನ್ರೇ, ಕೈ ಮುಗೀತೀನಿ.”

ಇಡಲಿಲ್ಲ. ನನ್ನನ್ನು ನಂಬಿ ಅಲ್ಲ. ಮಗ ರೈಡಿಗೆ ಹೊರಟಿದ್ದ, ಅದನ್ನು ನೋಡುತ್ತ ಫೋನು ಕೈಯಲ್ಲೇ ಉಳಿಯಿತು. ಮನೆಯಲ್ಲಿ ಗದ್ದಲ ಎದ್ದಿತು. ಬೋನಸ್ ಸಿಕ್ಕಿತ್ತು. ತಂದೆ ಮಂಡಿಯ ಪಟ್ಟಿ ನೋಡುತ್ತಿದ್ದರೆಂದು ಕಾಣುತ್ತದೆ.

“ಅದೇನ ದೊಡ್ಡದಲ್ರೀ,” ಎಂದರು ಕೊನೆಗೆ. ದನಿ ಸ್ವಲ್ಪ ಇಳಿದಿತ್ತು. “ಅವ ಯಾವಾಗ್ಲೂ ಎಳಕೋತಾನ.”

ಹಾಳೆಯ ಮೇಲೆ ಬೆರಳಿಟ್ಟುಕೊಂಡು ಓದಿದೆ. “ಇನ್ನೆರಡು ರೈಡ್ ಆದ್ಮೇಲೆ ಎದುರಾಳಿ ಕೋಚ್ ಟೈಮ್ ಔಟ್ ಕೇಳ್ತಾರೆ. ನಿಮ್ಮ ಮಗ ನೀರು ಕುಡಿಯಲ್ಲ, ಬಾಟ್ಲಿನ ತಲೆ ಮೇಲೆ ಸುರ್ಕೋತಾನೆ. ಒಬ್ಬ ಬಂದು ಮ್ಯಾಟ್ ಒರೆಸ್ತಾನೆ, ಹಳದಿ ಟವೆಲ್‌ನಲ್ಲಿ.”

ಎರಡು ನಿಮಿಷ ಹಿಡಿಯಿತು. ಟೈಮ್ ಔಟ್ ಆಯಿತು. ಯಾರೋ “ಏ, ನೀರ ಕುಡಿಯೋ ತಮ್ಮಾ” ಎಂದು ಟೀವಿಗೆ ಹೇಳಿದರು, ನಕ್ಕರು. ಹಳದಿ ಟವೆಲ್ ಬಂದಿರಬೇಕು. ತಂದೆಯ ಉಸಿರು ನನ್ನ ಕಿವಿಗೆ ಕೇಳುತ್ತಿತ್ತು.

“ನೀವ್ಯಾರು?” ಎಂದರು. ಈ ಸಲ ‘ರೀ’ ಇರಲಿಲ್ಲ, ಬೈಗುಳವೂ ಇರಲಿಲ್ಲ.

“ಇನ್ನೊಂದು ನೋಡಿ. ಇದು ಯಾರೂ ಊಹೆ ಮಾಡೋಕಾಗಲ್ಲ. ಆಟ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಸ್ಟೇಡಿಯಂನಲ್ಲಿ ಲೈಟ್ ಹೋಗುತ್ತೆ. ಎರಡೇ ಸೆಕೆಂಡ್. ಬರುತ್ತೆ. ಅಂಪೈರ್ ಮೇಲಕ್ಕೆ ನೋಡ್ತಾರೆ.”

ಬೆಳಿಗ್ಗೆ ಆ ಎರಡು ಸೆಕೆಂಡಿಗೆ ನಾನು ಎದೆ ಹಿಡಿದುಕೊಂಡಿದ್ದೆ, ಚಾನೆಲ್‌ನವರು ಕೇಳಿದರೆ ಏನು ಹೇಳಲಿ ಎಂದು. ಹಾಳೆಯಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿತ್ತು. ಮೇಡಂ ತಮ್ಮ ಕುರ್ಚಿ ಬಿಟ್ಟು ನನ್ನ ಹಿಂದೆ ಬಂದು ನಿಂತಿದ್ದರು. ನಮ್ಮ ಪರದೆಯಲ್ಲಿ ಬೆಳಕು ಹೋಗಿ ಬಂತು. ನಲವತ್ತು ಸೆಕೆಂಡ್ ಎಣಿಸಿದೆವು, ಇಬ್ಬರೂ ತುಟಿ ಅಲ್ಲಾಡಿಸುತ್ತ.

ಆ ಕಡೆ ಜನ “ಹೋ” ಎಂದರು. ಯಾರೋ ಹೇಳಿದರು: “ಬೆಂಗಳೂರಾಗೂ ಕರೆಂಟ್ ಹೋಗತೈತಲೇ!”

ತಂದೆ ಎದ್ದು ಹೊರಗೆ ಬಂದಿರಬೇಕು. ಗದ್ದಲ ದೂರವಾಯಿತು. ಕಟ್ಟೆಯ ಮೇಲೆ ಕೂತ ಸದ್ದು.

“ಮುಂದ?” ಎಂದರು.

“ಮುಂದೆ ನಿಮ್ಮ ಮಗ ರೈಡ್ ಹೋಗ್ತಾನೆ. ಒಬ್ಬನ್ನ ಮುಟ್ಟಿ ಬರ್ತಾನೆ. ಒಂದು ಪಾಯಿಂಟ್.”

“ಮುಂದ?”

“ಅವರದ್ದು ಒಂದು ಖಾಲಿ ರೈಡ್. ಆಮೇಲೆ ಜಾಹೀರಾತು.”

“ಅದರ ಮುಂದ?”

“ಅದರ ಮುಂದೆ ಇಲ್ಲ ಯಜಮಾನ್ರೇ. ನಾನು ಕತ್ತರಿಸಿದ್ದೀನಿ. ಬೆಳಗ್ಗೆ ಹತ್ತು ಇಪ್ಪತ್ತೇಳಕ್ಕೆ ನಿಮ್ಮ ಮಗ ಬಿದ್ದ. ಕತ್ತಿಗೆ ಏಟಾಗಿದೆ. ಕೋಚ್ ಹೇಳಿದ್ದೆಲ್ಲಾ ನಿಜ. ಡಾಕ್ಟ್ರು ಕಾಯ್ತಿದ್ದಾರೆ.”

ಒಳಗಿನಿಂದ ತಾಯಿ ಕೂಗಿದರು: “ರೀ, ಬರ್ರಿ, ಒಂದ ಪಾಯಿಂಟ್ ತಂದ! ಎಲ್ಲಿ ಹೋದ್ರಿ?”

ತಂದೆ ನನಗೆ ಹೇಳಿದರು: “ಡಾಕ್ಟರಿಗೆ ಕೊಡ್ರಿ.”

ಕೋಚ್‌ನ ಫೋನನ್ನು ಈ ಕರೆಗೆ ಜೋಡಿಸಿದೆ. ಕೋಚ್ ಕಾರಿಡಾರಿನಲ್ಲಿ ಓಡುವ ಸದ್ದು ಕೇಳಿಸಿತು. ವೈದ್ಯರು ಕನ್ನಡದಲ್ಲಿ, ಆದಷ್ಟು ನಿಧಾನವಾಗಿ ಹೇಳಿದರು: ಏನು ಮಾಡುತ್ತೇವೆ, ಏನಾಗಬಹುದು, ಏನು ಆಗದೇ ಇರಬಹುದು. ತಂದೆ ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್. ಮಧ್ಯದಲ್ಲಿ ಒಂದೇ ಪ್ರಶ್ನೆ ಕೇಳಿದರು: “ಮೊದಲಿನಂಗ ಆಕ್ಕೈತ್ರೀ?” ವೈದ್ಯರು “ಈಗ ಹೇಳೋಕಾಗಲ್ಲ” ಎಂದರು. “ಮಾಡ್ರಿ,” ಎಂದರು ತಂದೆ. ಒಂದು ಗಂಟೆ ಮೂವತ್ತನಾಲ್ಕು. ಅದನ್ನೂ ಲಾಗ್ ಪುಸ್ತಕದಲ್ಲಿ ಬರೆದೆ. ಯಾಕೆ ಬರೆದೆನೋ ಗೊತ್ತಿಲ್ಲ.

ಆಮೇಲೆ ಆ ಊರಿನ ಪ್ರಸಾರ ನಿಲ್ಲಿಸಿದೆ. ಉಳಿದ ಊರುಗಳದ್ದೂ.

ಸಂಜೆ ಆರರ ಹೊತ್ತಿಗೆ ಆಸ್ಪತ್ರೆಗೆ ಹೋದೆ. ಮಾಲೀಕರು ಆಗಲೇ ಅಲ್ಲಿದ್ದರು, ಕೋಚ್ ಪಕ್ಕದಲ್ಲಿ, ಮನೆಯಲ್ಲಿ ಉಟ್ಟ ಬಿಳಿ ಪಂಚೆಯಲ್ಲೇ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. “ಎಲ್ಲಾರೂ ಹಾಕ್ತಾರೆ ಗುರು ಆ ಪಟ್ಟಿ,” ಎಂದರು ಸ್ವಲ್ಪ ಹೊತ್ತಿಗೆ, ನಾನು ಏನೂ ಕೇಳದಿದ್ದರೂ.

ಶಸ್ತ್ರಚಿಕಿತ್ಸೆ ಮುಗಿದಿತ್ತು. ಹುಡುಗ ಬದುಕಿದ್ದ. ತಂದೆ ತಾಯಿ ಬಂದದ್ದು ಏಳೂ ಮುಕ್ಕಾಲಿಗೆ, ಡಿಪೋದ ಗೆಳೆಯನೊಬ್ಬನ ಕಾರಿನಲ್ಲಿ. ತಾಯಿ ಹೊಸ ಸೀರೆ ಉಟ್ಟಿದ್ದರು. ಮಗನ ಆಟ ನೋಡಲು ಬೀದಿಯವರು ಬರುತ್ತಾರೆಂದು ಬೆಳಿಗ್ಗೆ ಉಟ್ಟದ್ದಂತೆ. ಅವರು ಯಾರ ಕಡೆಗೂ ನೋಡದೆ ಒಳಗೆ ಹೋದರು. ತಂದೆ ನನ್ನ ದನಿ ಕೇಳಿ ಗುರುತಿಸಿದರು. ತಲೆಯಾಡಿಸಿದರು, ಅಷ್ಟೆ.

ಕೆಲವು ದಿನ ಬಿಟ್ಟು ವೈದ್ಯರನ್ನು ಕೇಳಿದೆ. ಬೆಳಿಗ್ಗೆ ಫೋನ್ ಎತ್ತದೆ ಹೋದ ಹೊತ್ತು ಬೇರೆ. ಎತ್ತಿದ ಮೇಲೂ ನಮ್ಮ ಪಟ್ಟಿಯಿಂದಾಗಿ ಅರ್ಧ ಗಂಟೆ ಹೋಯಿತಲ್ಲ, ಅದರಿಂದ ಏನಾದರೂ ವ್ಯತ್ಯಾಸವಾಯಿತೇ ಎಂದು. “ಆಗಿರಬಹುದು, ಆಗದೇನೂ ಇರಬಹುದು. ಅದನ್ನ ಯಾರೂ ಹೇಳೋಕಾಗಲ್ಲ,” ಎಂದರು. ಚಿಂತೆ ಮಾಡುವವನಿಗೆ ಇದಕ್ಕಿಂತ ಕೆಟ್ಟ ಉತ್ತರವಿಲ್ಲ. ಹೌದು ಎಂದಿದ್ದರೆ ತಪ್ಪು ಹೊತ್ತುಕೊಂಡು ನಡೆಯುತ್ತಿದ್ದೆ. ಇಲ್ಲ ಎಂದಿದ್ದರೆ ಇಳಿಸುತ್ತಿದ್ದೆ. ಈಗ ಅದನ್ನು ಹೊರಲೂ ಬರುವುದಿಲ್ಲ, ಇಳಿಸಲೂ ಬರುವುದಿಲ್ಲ.

ತಡವಾಗಿ ಹೋಗುವ ಚಿತ್ರದಿಂದ ಕೆಂಪು ಪಟ್ಟಿ ತೆಗೆದೆವು. ಮಾಲೀಕರು ಮುಖ ಸಪ್ಪೆ ಮಾಡಿಕೊಂಡೇ ಒಪ್ಪಿದರು. ಎರಡು ಊರಿನ ಚಾನೆಲ್‌ಗಳು ನಮ್ಮನ್ನು ಬಿಟ್ಟುಹೋದವು. ಸೀಟಿ ಊದಿದ ಕೂಡಲೇ ರಿಪ್ಲೇ ಹಾಕುವುದನ್ನು ನಿಲ್ಲಿಸಿದ್ದೇವೆ. ಬಿದ್ದವನು ಎದ್ದು ನಿಲ್ಲುವವರೆಗೆ ಮೇಡಂ ಕೈ ಮಡಿಲಲ್ಲೇ ಇಟ್ಟುಕೊಂಡಿರುತ್ತಾರೆ. ಅವರು ಈಗ ನನ್ನ ಲಾಗ್ ಪುಸ್ತಕಕ್ಕೆ ನಗುವುದಿಲ್ಲ. ನಕ್ಕರೆ ಚೆನ್ನಾಗಿರುತ್ತಿತ್ತು ಎಂದು ನನಗೆ ಅನಿಸುತ್ತದೆ.

ಎರಡು ತಿಂಗಳ ನಂತರ ತಂದೆ ಕೊಠಡಿಗೆ ಬಂದರು. ಹುಡುಗ ಆಗ ಆಸ್ಪತ್ರೆ ಬಿಟ್ಟು, ತಲಘಟ್ಟಪುರದ ಆಚೆ ಒಂದು ಆರೈಕೆ ಕೇಂದ್ರದಲ್ಲಿದ್ದ. ವೆಂಟಿಲೇಟರ್ ತೆಗೆದಿದ್ದರು. ಬಲಗೈ ಬೆರಳುಗಳು ಸ್ವಲ್ಪ ಆಡುತ್ತಿದ್ದವು. ಎದೆಯಿಂದ ಕೆಳಗೆ ಏನೂ ಇಲ್ಲ. ತಂದೆ ಮೆಟ್ಟಿಲು ಹತ್ತಿ ಬಂದು ಕೂತು, ಮೇಡಂ ಕೊಟ್ಟ ನೀರು ಕುಡಿದರು. ಅವರು ಬೈಯಲು ಬಂದಿದ್ದಾರೆಂದು ನಾನು ಮೈಯನ್ನೆಲ್ಲ ಗಟ್ಟಿ ಮಾಡಿಕೊಂಡು ಕೂತಿದ್ದೆ.

“ಆ ಪಂದ್ಯದ್ದು ಒಂದ ಕಾಪಿ ಬೇಕಾಗಿತ್ರಿ,” ಎಂದರು. “ಅವರವ್ವಗ ಬೇಕಂತ.”

“ಪೂರ್ತಿ ಇದೆ ಯಜಮಾನ್ರೇ. ಆದ್ರೆ ಅದರಲ್ಲಿ…”

“ಪೂರಾ ಬ್ಯಾಡ್ರಿ. ಅವತ್ತು ನಮ್ಮೂರಾಗ ಬಂತಲ್ಲ, ಅದ. ನೀವು ಕತ್ತರಿಸಿದ್ದು.”

ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು. ನಾನು ಫೈಲು ಹುಡುಕಿ ಪೆನ್ ಡ್ರೈವ್‌ಗೆ ಹಾಕಿದೆ. ಸರಿಯಾಗಿದೆಯೇ ಎಂದು ಒಮ್ಮೆ ತೋರಿಸಿ ಎಂದರು. ಕೊನೆಯ ಭಾಗ ಹಾಕಿದೆ. ಮಗ ರೈಡ್ ಹೋದ, ಒಬ್ಬನನ್ನು ಮುಟ್ಟಿದ, ನಡುಗೆರೆ ದಾಟಿ ವಾಪಸು ಬಂದ. ತಂದೆ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಎದುರಾಳಿಯ ಖಾಲಿ ರೈಡ್ ಆಯಿತು. ಜಾಹೀರಾತು ಶುರುವಾಯಿತು, ಯಾವುದೋ ಕೊಬ್ಬರಿ ಎಣ್ಣೆ, ಜೋರಾದ ಹಾಡು.

“ಇದ ಬ್ಯಾಡ್ರಿ. ಇದನ್ನ ತಗೀರಿ.”

“ಎಲ್ಲಿಗೆ ನಿಲ್ಸಲಿ?”

ಹಿಂದಕ್ಕೆ ತಿರುಗಿಸಿದೆ. ಅವರು ಗ್ರೀಸಿನ ಕಲೆ ಹೋಗದ ಬೆರಳನ್ನು ಪರದೆಗೆ ತಾಗಿಸಿದರು. ಮಗ ಗೆರೆ ದಾಟಿ ಬಂದು, ಜೊತೆಯವನ ಅಂಗೈಗೆ ಅಂಗೈ ಹೊಡೆಯುತ್ತಿದ್ದ.

“ಇಲ್ಲೆ.”

ಅಲ್ಲಿ ನಿಲ್ಲಿಸಿದರೆ ಕೊನೆ ತುಂಡಾದಂತೆ ಕಾಣುತ್ತದೆ ಎಂದು ನನಗೆ ಅಲ್ಲೂ ಚಿಂತೆ. “ಇನ್ನೊಂದ್ ಚೂರು ಮುಂದಕ್ಕೆ ಬಿಡ್ಲಾ ಯಜಮಾನ್ರೇ?” ಎಂದೆ.

“ಬ್ಯಾಡ್ರಿ,” ಎಂದರು. “ಮುಂದ ಬ್ಯಾಡ.”